ಒಂದು ಹೆಜ್ಜೆ ಹಿಂದೆ ಸರಿದು ಎಸೆಯುವ ಮಕ್ಕಳು

(ಬೇಸಿಗೆ ರಜೆಯಲ್ಲಿ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ಸೇರಿದ್ದ ಕನ್ನಡ ಮಾಧ್ಯಮದ ಅಧ್ಯಾಪಕರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ವಾರ ಕುಂಬಳೆಯಿಂದ ಮುಳ್ಳೇರಿಯದ ತನಕ ಬಸ್ಸಿನಲ್ಲಿ ಕೂತು ಹೊರಗೆ ನೋಡಿ. ಶಾಲೆಗಳ ಗೇಟಿನಲ್ಲಿ ಫ್ಲೆಕ್ಸ್ ಕಾಣುತ್ತದೆ. ಫುಲ್ ಎ ಪ್ಲಸ್, ಅಂದರೆ ಎಲ್ಲ ವಿಷಯಗಳಲ್ಲೂ ಎ ಪ್ಲಸ್ ಬಂದ ಮಕ್ಕಳ ಫೋಟೊಗಳು ಸಾಲಾಗಿ ಇರುತ್ತವೆ. ಆ ಮಕ್ಕಳು ಕಷ್ಟಪಟ್ಟು ಓದಿದ್ದಾರೆ, ಆ ಸಂತೋಷ ಅವರಿಗೆ ಸಿಗಲೇಬೇಕು. ಆದರೆ ಫ್ಲೆಕ್ಸಿನಿಂದ ಒಂದು ವಿಷಯ ಗೊತ್ತಾಗುವುದಿಲ್ಲ. ಆ ಮಕ್ಕಳಲ್ಲಿ ಯಾರು ಹನ್ನೊಂದನೆಯ ತರಗತಿಗೆ, ಅಂದರೆ ಪ್ಲಸ್ ವನ್‌ಗೆ ಹೋದ ಮೇಲೂ ತಾವಾಗಿ ಪುಸ್ತಕ ತೆರೆಯುತ್ತಾರೆ, ಯಾರು ಪರೀಕ್ಷೆ ಮುಗಿಯಿತಲ್ಲ ಎಂದು ಮುಚ್ಚಿಡುತ್ತಾರೆ? ಫೋಟೊ ಇಲ್ಲದ ಮಕ್ಕಳಲ್ಲಿ ಯಾರೊಳಗೆ ಎಂಥ ಹಂಬಲ ಇದೆ? ಇವತ್ತು ನಾನು ಮಾತಾಡುವುದು ಆ ಹಂಬಲದ ಬಗ್ಗೆ.

ಬಿ.ಎಡ್ ಪುಸ್ತಕಗಳಲ್ಲಿ ನಾವು ಇದನ್ನು ಸಾಧನಾ ಪ್ರೇರಣೆ ಎಂದು ಓದಿದ್ದೇವೆ. ಅಮೆರಿಕದ ಮನೋವಿಜ್ಞಾನಿ ಹೆನ್ರಿ ಮರ್ರೆ 1938ರಲ್ಲಿ ಮನುಷ್ಯನ ಮನಸ್ಸಿನ ಬೇಡಿಕೆಗಳನ್ನು ಪಟ್ಟಿ ಮಾಡಿದರು. ಅದರಲ್ಲಿ ಇದೂ ಒಂದು. ಕಷ್ಟದ ಕೆಲಸವನ್ನು ಆದಷ್ಟು ಚೆನ್ನಾಗಿ ಮಾಡಬೇಕು, ಅಡ್ಡಿ ಬಂದರೆ ದಾಟಬೇಕು ಎಂಬ ಆಸೆ. ಬೇರೆಯವರನ್ನು ಹಿಂದೆ ಹಾಕುವ ಮಾತು ಅಲ್ಲೂ ಇದೆ, ಆದರೆ ತಿರುಳು ಅದಲ್ಲ. ಕೆಲಸವೇ ಚೆನ್ನಾಗಬೇಕು ಎಂಬುದು ತಿರುಳು. ರ‍್ಯಾಂಕು, ಬಹುಮಾನ, ಹೊಗಳಿಕೆ ಬಂದರೆ ಸಂತೋಷ, ಬರದಿದ್ದರೂ ಕೆಲಸ ನಿಲ್ಲುವುದಿಲ್ಲ.

ಮರ್ರೆಯವರು ಬಳಸುತ್ತಿದ್ದ ಚಿತ್ರಗಳಲ್ಲಿ ಒಂದು ನನಗೆ ತುಂಬಾ ಇಷ್ಟ. ಒಬ್ಬ ಹುಡುಗ ಮೇಜಿನ ಮುಂದೆ ಕೂತಿದ್ದಾನೆ. ಮೇಜಿನ ಮೇಲೆ ಪಿಟೀಲು ಇದೆ. ಅವನು ಅದನ್ನೇ ನೋಡುತ್ತಿದ್ದಾನೆ. ಅಷ್ಟೇ ಚಿತ್ರ. ಇದಕ್ಕೆ ಒಂದು ಕತೆ ಕಟ್ಟು ಎಂದರೆ ಒಬ್ಬ ಹೀಗೆ ಬರೆಯಬಹುದು: ಅಪ್ಪ ಹೊಡೆದು ಕೂರಿಸಿದ್ದಾರೆ, ಹೊರಗೆ ಗೆಳೆಯರು ಆಡುತ್ತಿದ್ದಾರೆ, ಇವನಿಗೆ ಬೇಜಾರು. ಇನ್ನೊಬ್ಬ ಹೀಗೆ ಬರೆಯಬಹುದು: ನಿನ್ನೆ ಒಂದು ಕಡೆ ಸ್ವರ ಜಾರಿತು, ಬೆರಳು ಎಲ್ಲಿಡಬೇಕಿತ್ತು ಎಂದು ಯೋಚಿಸುತ್ತಿದ್ದಾನೆ, ಇವತ್ತು ಅಷ್ಟು ಭಾಗವನ್ನೇ ಮತ್ತೆ ಮತ್ತೆ ನುಡಿಸುತ್ತಾನೆ. ಡೇವಿಡ್ ಮೆಕ್‌ಲೆಲ್ಯಾಂಡ್ ಮತ್ತು ಅವರ ಜೊತೆಗಾರರು ಇಂಥ ಚಿತ್ರಗಳಿಗೆ ಜನ ಬರೆದ ಕತೆಗಳನ್ನು ಓದಿ ಸಾಧನೆಯ ಯೋಚನೆ ಎಷ್ಟು ಸಲ ಬಂದಿದೆ ಎಂದು ಎಣಿಸಿದರು. 1953ರಲ್ಲಿ ಅದನ್ನು ಪುಸ್ತಕವಾಗಿ ಪ್ರಕಟಿಸಿದರು. ನೀವೂ ಕನ್ನಡ ಪಾಠದಲ್ಲಿ ಒಂದು ಚಿತ್ರ ಕೊಟ್ಟು ಕತೆ ಬರೆಸುತ್ತೀರಿ ಅಲ್ವಾ? ಮುಂದಿನ ಸಲ ಕಾಗುಣಿತ ನೋಡುವ ಮೊದಲು ಕತೆಯ ಹುಡುಗ ಏನು ಮಾಡಲು ಹೊರಟಿದ್ದಾನೆ ಎಂದು ನೋಡಿ. ಮಗುವಿನ ಮನಸ್ಸಿನ ಒಂದು ಮೂಲೆ ಅಲ್ಲಿ ಕಾಣುತ್ತದೆ.

ಮೆಕ್‌ಲೆಲ್ಯಾಂಡ್ ಅವರ ಇನ್ನೊಂದು ಪ್ರಯೋಗಕ್ಕೆ ಕಾಗದ, ಪೆನ್ನು ಏನೂ ಬೇಡ. ನೆಲದಲ್ಲಿ ಒಂದು ಗೂಟ, ಕೈಯಲ್ಲಿ ಬಳೆಗಳು. ಬಳೆ ಎಸೆದು ಗೂಟಕ್ಕೆ ಬೀಳಿಸಬೇಕು. ಎಲ್ಲಿ ನಿಂತು ಎಸೆಯಬೇಕು ಎಂಬುದು ಎಸೆಯುವವರ ಇಷ್ಟ. ಇದನ್ನು ನಾನು ಶಾಲೆಯ ಜಗಲಿಯಲ್ಲಿ ಮಾಡಿಸಿ ನೋಡಿದ್ದೇನೆ. ಆಟದ ರಬ್ಬರ್ ಬಳೆ, ಅಂದರೆ ಟೆನಿಕಾಯ್ಟ್ ರಿಂಗ್ ಇದ್ದರೆ ಸಾಕು. ಕೆಲವು ಮಕ್ಕಳು ಗೂಟದ ತಲೆಯ ಮೇಲೇ ಬಗ್ಗಿ ನಿಂತು ರಿಂಗನ್ನು ಮೆಲ್ಲ ಬಿಡುತ್ತಾರೆ. ಕೆಲವರು ಜಗಲಿಯ ಆ ತುದಿಗೆ ಓಡಿ ಅಲ್ಲಿಂದ ಕಣ್ಣುಮುಚ್ಚಿ ಎಸೆಯುತ್ತಾರೆ, ಬೀಳದಿದ್ದರೆ ನಗುತ್ತಾರೆ. ಇನ್ನು ಕೆಲವರು ಒಂದು ಅಳತೆಯ ದೂರದಲ್ಲಿ ನಿಲ್ಲುತ್ತಾರೆ. ಬಿದ್ದರೆ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಎರಡು ಸಲ ತಪ್ಪಿದರೆ ಸ್ವಲ್ಪ ಮುಂದೆ ಬರುತ್ತಾರೆ. ಯಾರೂ ಹೇಳಿಕೊಟ್ಟದ್ದಲ್ಲ. ಸಾಧನೆಯ ಹಂಬಲ ಜಾಸ್ತಿ ಇರುವವರು ಈ ಮೂರನೆಯ ಗುಂಪಿನವರು. ಐದು ವರ್ಷದ ಮಕ್ಕಳಲ್ಲೂ ಮೆಕ್‌ಲೆಲ್ಯಾಂಡ್ ಇದನ್ನೇ ಕಂಡರು.

ಇದು ಯಾಕೆ ಹೀಗೆ ಎಂದು ಜಾನ್ ಅಟ್ಕಿನ್ಸನ್ 1957ರಲ್ಲಿ ವಿವರಿಸಿದರು. ಪ್ರತಿಯೊಬ್ಬರಲ್ಲೂ ಎರಡು ಸೆಳೆತಗಳಿವೆ. ಒಂದು ಗೆಲ್ಲುವ ಆಸೆ, ಇನ್ನೊಂದು ಸೋಲುವ ಹೆದರಿಕೆ. ಗೆಲ್ಲುವ ಆಸೆ ಬಲವಾಗಿದ್ದರೆ ಆಗುತ್ತದೋ ಇಲ್ಲವೋ ಎಂಬ ನಡುವಿನ ಕೆಲಸ ಹಿಡಿಸುತ್ತದೆ. ಯಾಕೆಂದರೆ ಅಲ್ಲಿ ಮಾತ್ರ ತನ್ನ ಕೈಚಳಕ ಗೊತ್ತಾಗುವುದು. ಸೋಲಿನ ಹೆದರಿಕೆ ಬಲವಾಗಿದ್ದರೆ ಮಗು ಎರಡು ತುದಿಗಳಿಗೆ ಓಡುತ್ತದೆ. ತೀರಾ ಸುಲಭದ್ದರಲ್ಲಿ ಸೋಲೇ ಇಲ್ಲ. ತೀರಾ ಕಷ್ಟದ್ದರಲ್ಲಿ ಸೋತರೆ ಯಾರೂ ಬೈಯುವುದಿಲ್ಲ.

ಈ ಎರಡನೆಯ ಮಾತನ್ನು ಅಧ್ಯಾಪಕರು ಚೆನ್ನಾಗಿ ನೆನಪಿಡಬೇಕು ಎಂದು ನನಗೆ ಅನಿಸುತ್ತದೆ. ಏಳನೆಯ ಕ್ಲಾಸಿನ ಹುಡುಗಿ "ನಾನು ಕಲೆಕ್ಟರ್ ಆಗುತ್ತೇನೆ" ಎನ್ನುತ್ತಾಳೆ, ನಾವು ಚಪ್ಪಾಳೆ ತಟ್ಟುತ್ತೇವೆ. ಆದರೆ ನಾಳೆಯ ಇಂಗ್ಲಿಷ್ ಪದ್ಯ ಅವಳಿಗೆ ಓದಲು ಬರುವುದಿಲ್ಲ, ಅದರ ಬಗ್ಗೆ ಅವಳು ಏನೂ ಹೇಳುವುದಿಲ್ಲ. ಅವಳ ಕನಸಿನಲ್ಲಿ ತಪ್ಪಿಲ್ಲ. ಆದರೆ ಅವಳು ನಿಂತಿರುವುದು ಜಗಲಿಯ ಆ ತುದಿಯಲ್ಲಿ. ಅವಳನ್ನು ಮೆಲ್ಲಗೆ ಕೈಹಿಡಿದು ನಡುವಿಗೆ ಕರೆತರುವುದು ನಮ್ಮ ಕೆಲಸ. ಕಲೆಕ್ಟರ್ ಆಗುವ ಹುಡುಗಿ ಈ ಶುಕ್ರವಾರದ ಒಳಗೆ ಯಾವ ನಾಲ್ಕು ಸಾಲನ್ನು ತಡವರಿಸದೆ ಓದುತ್ತಾಳೆ ಎಂದು ಕೇಳಬೇಕು.

ಈಗ ಒಬ್ಬ ಹುಡುಗನ ಬಗ್ಗೆ ಹೇಳುತ್ತೇನೆ. ಎಂಟನೆಯ ಕ್ಲಾಸು. ನಮ್ಮ ಶಾಲಾ ಕಲೋತ್ಸವದಲ್ಲಿ ಯಕ್ಷಗಾನವೂ ಒಂದು ಸ್ಪರ್ಧೆ ಎಂಬುದು ನಿಮಗೆ ಗೊತ್ತು. ಹಾಗಾಗಿ ಅನೇಕ ಶಾಲೆಗಳಲ್ಲಿ ಸಂಜೆ ನಾಟ್ಯ ತರಗತಿ ಇರುತ್ತದೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆಯಲ್ಲಿ ಇದು ಇರಬೇಕಾದದ್ದೇ. ಈ ಹುಡುಗ ಧೀಂಗಿಣ ಕಲಿಯುತ್ತಿದ್ದ. ಚೆಂಡೆಯ ಪೆಟ್ಟಿಗೆ ಸರಿಯಾಗಿ ಹಾರಿ, ಗಾಳಿಯಲ್ಲಿ ತಿರುಗಿ, ಕಾಲು ಊರಬೇಕು. ಮತ್ತೆ ಹಾರಬೇಕು. ಮೂರನೆಯದಕ್ಕೆ ಅವನ ಕಾಲು ತಾಳ ತಪ್ಪುತ್ತಿತ್ತು. ಗುರುಗಳು ಬೈಯಲಿಲ್ಲ. "ಎಡಕಾಲು ತಡವಾಗಿ ಎದ್ದಿತು" ಎಂದರು, ಅಷ್ಟೇ. ಅವನು ಬದಿಗೆ ಹೋಗಿ ಒಬ್ಬನೇ ಬಾಯಿತಾಳ ಹೇಳಿಕೊಂಡು ಎಡಕಾಲು ಎತ್ತುವುದನ್ನೇ ಮಾಡುತ್ತಿದ್ದ. ಬೆವರು ಇಳಿಯುತ್ತಿತ್ತು. ನಿನ್ನೆಗಿಂತ ಒಂದು ಜಾಸ್ತಿ ಹಾಕಬೇಕು ಎಂದು ಅವನೇ ತೀರ್ಮಾನ ಮಾಡಿಕೊಂಡಿದ್ದ. ಕಡೆಯ ಬಸ್ಸಿಗೆ ಹೊತ್ತಾಯಿತು ಎಂದು ಕರೆಯಬೇಕಾಯಿತು.

ಮರುದಿನ ಅದೇ ಹುಡುಗ ಲೆಕ್ಕದ ತರಗತಿಯಲ್ಲಿ ಕೂತಿದ್ದ. ಭಿನ್ನರಾಶಿಯ ಲೆಕ್ಕ ಬೋರ್ಡಿಗೆ ಬಂತು. ಅವನು ಪೆನ್ನಿನ ಮುಚ್ಚಳ ಹಾಕಿದ. ಯಾಕೆ ಎಂದು ಕೇಳಿದರೆ, "ನನ್ನ ತಲೆಗೆ ಲೆಕ್ಕ ಹತ್ತುವುದಿಲ್ಲ ಮಾಷ್ಟ್ರೇ" ಎಂದ. ನಾಚಿಕೆಯಿಲ್ಲದೆ, ಬೇಸರವಿಲ್ಲದೆ ಹೇಳಿದ. ತನ್ನ ಮನೆ ಪೆರ್ಲದಲ್ಲಿ ಎಂದು ಹೇಳುವ ಹಾಗೆ.

ಇವನನ್ನು ಹಂಬಲ ಇಲ್ಲದ ಹುಡುಗ ಎನ್ನಲು ಯಾರಿಗೆ ಬಾಯಿ ಬರುತ್ತದೆ? ಹಂಬಲ ಅವನಲ್ಲಿ ಧಾರಾಳ ಇದೆ. ಅದು ನಾಟ್ಯ ತರಗತಿಯಲ್ಲಿ ಎದ್ದು ನಿಲ್ಲುತ್ತದೆ, ಲೆಕ್ಕದ ತರಗತಿಯಲ್ಲಿ ಮಲಗಿಬಿಡುತ್ತದೆ. ಎರಡು ತರಗತಿಗಳಿಗೂ ಇರುವ ವ್ಯತ್ಯಾಸ ನೋಡಿ. ಅಲ್ಲಿ ಗುರಿ ಹತ್ತಿರದ್ದು, ಅವನೇ ಇಟ್ಟುಕೊಂಡದ್ದು. ಇಲ್ಲಿ ಗುರಿ ಓಣಂ ಪರೀಕ್ಷೆಗೆ ಮುನ್ನ ಪಾಠ ಮುಗಿಯುವುದು, ಅದೂ ನಮ್ಮದು. ಅಲ್ಲಿ ಕಾಲು ಊರಿದ ಕ್ಷಣವೇ ಸರಿಯೋ ತಪ್ಪೋ ಗೊತ್ತಾಗುತ್ತದೆ, ಎಲ್ಲಿ ತಪ್ಪಿತು ಎಂಬುದೂ ಗೊತ್ತಾಗುತ್ತದೆ. ಇಲ್ಲಿ ಪೇಪರ್ ಸಿಗುವುದು ಎಷ್ಟೋ ದಿನ ಕಳೆದು. ಅಲ್ಲಿ ಎಲ್ಲರೂ ಬೀಳುತ್ತಾರೆ, ಬೀಳುವುದು ಕಲಿಯುವುದರ ಒಂದು ಭಾಗ. ಇಲ್ಲಿ ತಪ್ಪು ಉತ್ತರ ಹೇಳಿದರೆ ಪಕ್ಕದ ಬೆಂಚಿನಲ್ಲಿ ನಗು. ನನ್ನ ಇಡೀ ಮಾತಿನಲ್ಲಿ ಹೇಳಬೇಕಾದದ್ದು ಇದೇ: ಹಂಬಲವನ್ನು ಮಗುವಿನ ಜಾತಕದ ಹಾಗೆ ನೋಡುವುದು ಬೇಡ, ನಾವು ಕೊಡುವ ಕೆಲಸದಲ್ಲಿ ಮತ್ತು ಆಡುವ ಮಾತಿನಲ್ಲಿ ಹುಡುಕೋಣ.

ಕೆಲಸದ ಮಾತು ಮೊದಲು. 1981ರಲ್ಲಿ ಆಲ್ಬರ್ಟ್ ಬಂಡೂರ ಮತ್ತು ಡೇಲ್ ಶಂಕ್ ಕಳೆಯುವ ಲೆಕ್ಕದಲ್ಲಿ ತುಂಬಾ ಹಿಂದಿದ್ದ, ಲೆಕ್ಕ ಎಂದರೆ ದೂರ ಓಡುತ್ತಿದ್ದ ಮಕ್ಕಳನ್ನು ಸೇರಿಸಿದರು. ಎಲ್ಲರಿಗೂ ಒಂದೇ ಅಭ್ಯಾಸ ಪುಸ್ತಕ, 42 ಪುಟ, 7 ಅವಧಿ. ಒಂದು ಗುಂಪಿಗೆ ಪ್ರತಿ ಅವಧಿಯಲ್ಲಿ 6 ಪುಟ ಮಾಡುವ ಗುರಿ ಇಟ್ಟುಕೊಳ್ಳಿ ಎಂದರು. ಇನ್ನೊಂದು ಗುಂಪಿಗೆ ಕೊನೆಯ ಅವಧಿ ಮುಗಿಯುವಾಗ 42 ಪುಟ ಆಗಿರಲಿ ಎಂದರು. ಗುಣಿಸಿ ನೋಡಿದರೆ ಎರಡೂ ಒಂದೇ. ಆದರೆ ಆರು ಪುಟದ ಮಕ್ಕಳು ಲೆಕ್ಕದಲ್ಲಿ ತುಂಬಾ ಮುಂದೆ ಹೋದರು. ಅದಕ್ಕಿಂತ ದೊಡ್ಡ ವಿಷಯ, ನನಗೆ ಇದು ಆಗುತ್ತದೆ ಎಂಬ ನಂಬಿಕೆ ಅವರಲ್ಲಿ ಬೆಳೆಯಿತು. ಬಿಡುವಿನಲ್ಲಿ ಯಾರೂ ಹೇಳದೆಯೂ ಅವರು ಕಳೆಯುವ ಲೆಕ್ಕ ಮಾಡಿದರು.

ನಮ್ಮ ತರಗತಿಯಲ್ಲಿ ಇದನ್ನು ಮಾಡುವುದು ಕಷ್ಟವಲ್ಲ. ಬೋರ್ಡಿನಲ್ಲಿ ಮೂರು ಸಾಲು ಲೆಕ್ಕ ಬರೆಯಿರಿ. ಮೇಲಿನದು ಸುಲಭ, ನಡುವಿನದು ಸ್ವಲ್ಪ ಕಷ್ಟ, ಕೆಳಗಿನದು ಜಾಸ್ತಿ ಕಷ್ಟ. ಯಾವ ಸಾಲು ಮಾಡುತ್ತೀರಿ ಎಂದು ಮಕ್ಕಳೇ ಆರಿಸಲಿ. ಶುರು ಮಾಡುವ ಮೊದಲು ಪುಟದ ಮೂಲೆಯಲ್ಲಿ ಒಂದು ಅಂಕಿ ಬರೆಯಲಿ, ಐದರಲ್ಲಿ ಎಷ್ಟು ಸರಿಯಾಗಬಹುದು ಎಂದು. ಮುಗಿದ ಮೇಲೆ ಪಕ್ಕದಲ್ಲಿ ನಿಜವಾಗಿ ಎಷ್ಟು ಸರಿಯಾಯಿತು ಎಂದು ಬರೆಯಲಿ. ಈ ಎರಡು ಅಂಕಿಗಳನ್ನು ಬೇರೆ ಯಾರ ಅಂಕಿಯ ಜೊತೆಗೂ ಹೋಲಿಸಬೇಡಿ. ಐದೂ ಸರಿಯಾದವರಿಗೆ, ನಾಳೆ ಕೆಳಗಿನ ಸಾಲಿನಿಂದ ಒಂದು ಮಾಡುತ್ತೀಯಾ ಎಂದು ಕೇಳಿ. ಒಂದೂ ಆಗದವರಿಗೆ ಮೇಲಿನ ಸಾಲು ತೋರಿಸಿ. ಕೆಲವು ವಾರದಲ್ಲಿ ಮಕ್ಕಳ ಅಂದಾಜು ನಿಜಕ್ಕೆ ಹತ್ತಿರ ಬರುತ್ತದೆ. ರಿಂಗ್ ಹಿಡಿದು ಒಂದು ಹೆಜ್ಜೆ ಹಿಂದೆ ಮುಂದೆ ಆಗುವುದು ಎಂದರೆ ಇದೇ.

ಇನ್ನು ತಿದ್ದುವುದು. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಾಲ್ಕನೆಯ ಕ್ಲಾಸಿನ ಮಗು 402ರಿಂದ 157 ಕಳೆದು 355 ಎಂದು ಬರೆದಿದೆ. ನಾವು ಕೆಂಪು ಗೆರೆ ಎಳೆದು 245 ಎಂದು ಬರೆದು ಮುಂದೆ ಹೋಗುತ್ತೇವೆ. ಒಂದು ನಿಮಿಷ ನಿಂತು ನೋಡಿ. 355 ಎಲ್ಲಿಂದ ಬಂತು? ಆ ಮಗು ನಾಲ್ಕರಿಂದ ಒಂದು ಕಳೆದು ಮೂರು ಬರೆದಿದೆ. ಸೊನ್ನೆ ಮತ್ತು ಐದರಲ್ಲಿ ದೊಡ್ಡದು ಐದು, ಅದರಿಂದ ಸೊನ್ನೆ ಕಳೆದಿದೆ, ಐದು. ಎರಡು ಮತ್ತು ಏಳರಲ್ಲಿ ದೊಡ್ಡದು ಏಳು, ಅದರಿಂದ ಎರಡು ಕಳೆದಿದೆ, ಐದು. ಯಾವಾಗಲೂ ದೊಡ್ಡದರಿಂದ ಸಣ್ಣದನ್ನು ಕಳೆಯಬೇಕು ಎಂಬ ನಿಯಮವನ್ನು ಮಗು ಶ್ರದ್ಧೆಯಿಂದ ಪಾಲಿಸಿದೆ. ಈ ಮಗು ಸೋಮಾರಿಯಲ್ಲ, ದಡ್ಡನೂ ಅಲ್ಲ. ಕೆಂಪು ಗೆರೆ ಅವನಿಗೆ ಹೇಳುವುದು ಒಂದೇ, ನಿನಗೆ ಬರುವುದಿಲ್ಲ ಎಂದು. "ಇದನ್ನು ಹೇಗೆ ಮಾಡಿದೆ, ನನಗೊಮ್ಮೆ ಹೇಳು" ಎಂದು ಕೇಳಿದರೆ ಅವನೇ ಹೇಳುತ್ತಾನೆ. ಹೇಳುತ್ತಾ ಹೇಳುತ್ತಾ ಅರ್ಧ ದಾರಿಯಲ್ಲಿ ನಿಲ್ಲುವ ಮಕ್ಕಳೂ ಇದ್ದಾರೆ. ಆಗ ಹತ್ತು, ನೂರು ಕಡ್ಡಿಗಳ ಕಟ್ಟು ಬಿಚ್ಚಿ ತೋರಿಸಿದರೆ ಸಾಕು.

ರೂತ್ ಬಟ್ಲರ್ ಎಂಬವರು ಇಸ್ರೇಲಿನ ಐದು ಮತ್ತು ಆರನೆಯ ತರಗತಿಯ ಮಕ್ಕಳ ಜೊತೆ ಮಾಡಿದ ಅಧ್ಯಯನ 1988ರಲ್ಲಿ ಪ್ರಕಟವಾಯಿತು. ಕೆಲವು ಮಕ್ಕಳಿಗೆ ಬರೀ ಅಂಕ ಕೊಟ್ಟರು. ಕೆಲವರಿಗೆ ಅಂಕವಿಲ್ಲದೆ, ಎಲ್ಲಿ ಸರಿ, ಎಲ್ಲಿ ತಿದ್ದಬೇಕು ಎಂಬ ಒಂದೆರಡು ಮಾತು. ಉಳಿದವರಿಗೆ ಎರಡೂ. ಬರೀ ಮಾತು ಸಿಕ್ಕಿದವರ ಆಸಕ್ತಿ ಉಳಿಯಿತು, ಕೆಲಸವೂ ಉತ್ತಮವಾಯಿತು. ಎರಡೂ ಸಿಕ್ಕಿದವರು ಹೆಚ್ಚುಕಡಿಮೆ ಬರೀ ಅಂಕ ಸಿಕ್ಕಿದವರ ಹಾಗೇ ಆದರು. ಅಂಕ ಕಂಡ ಕೂಡಲೇ ಮಗು ಪಕ್ಕದವನ ಅಂಕ ನೋಡುತ್ತದೆ. ಮತ್ತೆ ಮಾತನ್ನು ಯಾರು ಓದುತ್ತಾರೆ? ಪರೀಕ್ಷೆಯಲ್ಲಿ ಅಂಕ ಕೊಡದೆ ನಿರ್ವಾಹವಿಲ್ಲ. ದಿನದಿನದ ನೋಟ್ ಪುಸ್ತಕಕ್ಕೆ ಯಾಕೆ ಬೇಕು?

ಈಗ ಬಾಯಿಮಾತಿನ ವಿಷಯ. ಸೋತಾಗಲೂ ಗೆದ್ದಾಗಲೂ ಮನುಷ್ಯ ಒಂದು ಕಾರಣ ಹುಡುಕುತ್ತಾನೆ. ಬರ್ನಾರ್ಡ್ ವೀನರ್ ಈ ಕಾರಣಗಳನ್ನು ವಿಂಗಡಿಸಿದರು. ಬುದ್ಧಿ, ಪ್ರಯತ್ನ, ಕೆಲಸದ ಕಷ್ಟ, ಅದೃಷ್ಟ. ಇವುಗಳಲ್ಲಿ ಮಗುವಿನ ಕೈಯಲ್ಲಿ ಇರುವುದು ಯಾವುದು, ನಾಳೆ ಬದಲಾಗಬಹುದಾದದ್ದು ಯಾವುದು ಎಂಬುದೇ ಮುಖ್ಯ. "ನನ್ನ ತಲೆಗೆ ಹತ್ತುವುದಿಲ್ಲ" ಎಂದು ತೀರ್ಮಾನಿಸಿದವನಿಗೆ ನಾಳೆ ಮತ್ತೆ ಪ್ರಯತ್ನಿಸಲು ಕಾರಣವೇ ಇಲ್ಲ. ಆ ಮಾತನ್ನು ಅವನಿಗೆ ಕಲಿಸಿದವರು ಹಲವರು. ಮನೆಯಲ್ಲಿ ಅಮ್ಮ, "ನಮ್ಮ ಕುಟುಂಬದಲ್ಲಿ ಯಾರಿಗೂ ಲೆಕ್ಕ ಬರುವುದಿಲ್ಲ ಮಾಷ್ಟ್ರೇ" ಎಂದು ಅವನ ಎದುರೇ ಹೇಳುತ್ತಾರೆ. ಸ್ಟಾಫ್ ರೂಮಿನಲ್ಲಿಯೂ ಇಂಥ ಮಾತು ಕೇಳುತ್ತದೆ.

ಕ್ಯಾರಲ್ ಡ್ವೆಕ್ 1975ರಲ್ಲಿ ಒಂದು ಸಣ್ಣ ಅಧ್ಯಯನ ಪ್ರಕಟಿಸಿದರು. ಒಂದು ಲೆಕ್ಕ ತಪ್ಪಿದರೆ ಪೂರಾ ಕೈಚೆಲ್ಲುವ ಮಕ್ಕಳು. ಅರ್ಧ ಮಕ್ಕಳಿಗೆ ಬರೀ ಗೆಲುವೇ ಸಿಗುವ ಹಾಗೆ ಲೆಕ್ಕ ಕೊಟ್ಟರು. ಉಳಿದವರಿಗೆ ನಡುನಡುವೆ ಸೋಲೂ ಬರುವ ಹಾಗೆ ಕೊಟ್ಟರು. ಆದರೆ ಸೋತಾಗ, ಇನ್ನಷ್ಟು ಪ್ರಯತ್ನ ಬೇಕಿತ್ತು ಎಂದು ತಿಳಿಸಿದರು. ಕೊನೆಗೆ ಎರಡೂ ಗುಂಪಿಗೆ ಕಷ್ಟದ ಲೆಕ್ಕ ಬಂದಾಗ ಬರೀ ಗೆಲುವು ಕಂಡವರು ಮೊದಲಿನ ಹಾಗೇ ಕುಸಿದರು. ಎರಡನೆಯವರು ತಾಳಿಕೊಂಡರು. ಹಿಂದುಳಿದ ಮಕ್ಕಳಿಗೆ ಬರೀ ಸುಲಭದ್ದನ್ನೇ ಕೊಟ್ಟು ಖುಷಿಯಾಗಿಡೋಣ ಎಂಬ ಪ್ರೀತಿ ನಮ್ಮಲ್ಲಿ ಇದೆ. ಪ್ರೀತಿ ಒಳ್ಳೆಯದು, ಆದರೆ ಅದು ಸಾಕಾಗುವುದಿಲ್ಲ.

ಹೊಗಳುವುದರಲ್ಲೂ ಹೀಗೇ. 1998ರಲ್ಲಿ ಮ್ಯುಲರ್ ಮತ್ತು ಡ್ವೆಕ್ ಐದನೆಯ ತರಗತಿಯ ಮಕ್ಕಳಲ್ಲಿ ಕೆಲವರಿಗೆ "ನೀನು ಬುದ್ಧಿವಂತ" ಎಂದರು, ಕೆಲವರಿಗೆ "ಚೆನ್ನಾಗಿ ಶ್ರಮಪಟ್ಟಿದ್ದೀಯಾ" ಎಂದರು. ಬುದ್ಧಿವಂತ ಎನಿಸಿಕೊಂಡವರಲ್ಲಿ ಹೆಚ್ಚಿನವರು ಮುಂದೆ ಸುಲಭದ ಕೆಲಸವನ್ನೇ ಆರಿಸಿದರು. ಆ ಹೆಸರು ಕಳೆದುಕೊಳ್ಳಲು ಯಾರಿಗೆ ಇಷ್ಟ? ಕಷ್ಟದ ಲೆಕ್ಕದಲ್ಲಿ ಸೋತ ಮೇಲೆ ತಮ್ಮ ಅಂಕವನ್ನು ಬೇರೆ ಮಕ್ಕಳಿಗೆ ತಿಳಿಸುವಾಗ ಅವರಲ್ಲಿ 100ಕ್ಕೆ 38 ಮಂದಿ ಸುಳ್ಳು ಅಂಕ ಬರೆದರು. "ಭಾರೀ ಹುಷಾರು" ಎಂದು ನಾವು ಸುಮ್ನೆ ಆಡುವ ಮಾತು ಮಗುವಿನ ಹೆಗಲಿಗೆ ಭಾರವಾಗುತ್ತದೆ.

ಆದರೆ ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. "ಪ್ರಯತ್ನ ಸಾಲದು" ಎಂಬ ಮಾತು ಈಗ ಎಲ್ಲರ ಬಾಯಲ್ಲೂ ಇದೆ. ರಾತ್ರಿ ಹನ್ನೊಂದರ ತನಕ ಕೂತು ಬರೆದ ಮಗುವಿಗೆ ಆ ಮಾತು ಹೇಳಿದರೆ ಅದು ಕ್ರೌರ್ಯ. ನಿಜವಾಗಿ ಪ್ರಯತ್ನ ಮಾಡಿಯೂ ಆಗದವನು ಮತ್ತೆ ಬುದ್ಧಿಗೇ ಬಂದು ಮುಟ್ಟುತ್ತಾನೆ: ಇಷ್ಟು ಮಾಡಿಯೂ ಆಗಲಿಲ್ಲ ಎಂದ ಮೇಲೆ ನಾನೇ ದಡ್ಡ. ಅಂಥವರಿಗೆ ದಾರಿ ಬದಲಿಸಲು ಹೇಳಬೇಕು. "ಎಡಕಾಲು ತಡವಾಗಿ ಎದ್ದಿತು" ಎಂದ ಗುರುಗಳು ಮಾಡಿದ್ದು ಅದನ್ನೇ. ಬೆನ್ನು ತಟ್ಟಲಿಲ್ಲ, ಬೈಯಲಿಲ್ಲ, ಕಾಲು ತೋರಿಸಿದರು. ಇನ್ನೊಂದು, ಇದು ಮಂತ್ರವಲ್ಲ. ಅಮೆರಿಕದಲ್ಲಿ ಒಂಬತ್ತನೆಯ ತರಗತಿಯ 12 ಸಾವಿರಕ್ಕೂ ಜಾಸ್ತಿ ಮಕ್ಕಳನ್ನು ಸೇರಿಸಿ, ಅವರಲ್ಲಿ ಸುಮಾರು ಅರ್ಧ ಮಂದಿಗೆ, ಬುದ್ಧಿ ಬೆಳೆಯುತ್ತದೆ ಎಂಬುದನ್ನು ಒಂದು ಗಂಟೆಯೊಳಗಿನ ಪಾಠದಲ್ಲಿ ಹೇಳಿಕೊಟ್ಟ ಅಧ್ಯಯನ 2019ರಲ್ಲಿ ಬಂತು. ಹಿಂದುಳಿದವರಿಗೆ ಉಪಯೋಗವಾಯಿತು, ಆದರೆ ಸ್ವಲ್ಪವೇ. ಕಷ್ಟದ ಕೆಲಸ ಮಾಡುವುದು ಮರ್ಯಾದೆಯ ಸಂಗತಿ ಎಂದು ಸಹಪಾಠಿಗಳು ನಂಬುವ ಶಾಲೆಗಳಲ್ಲಿ ಆ ಉಪಯೋಗ ಉಳಿಯಿತು. ಅಂದರೆ ಮಾತಿಗೆ ಬಲ ಬರುವುದು ತರಗತಿಯ ವಾತಾವರಣದಿಂದ.

ಬಹುಮಾನದ ಬಗ್ಗೆ ಸ್ವಲ್ಪ. 1973ರಲ್ಲಿ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಚಿತ್ರ ಬಿಡಿಸುವುದೆಂದರೆ ಪ್ರಾಣ ಎನ್ನುವ ಪುಟ್ಟ ಮಕ್ಕಳಿಗೆ, ಬಿಡಿಸಿದರೆ ರಿಬ್ಬನ್ ಇರುವ ಸರ್ಟಿಫಿಕೇಟ್ ಕೊಡುತ್ತೇವೆ ಎಂದು ಮೊದಲೇ ಹೇಳಿ ಕೊಟ್ಟರು. ಆಮೇಲೆ ಬಿಡುವಿನಲ್ಲಿ ಆ ಮಕ್ಕಳು ಚಿತ್ರ ಬಿಡಿಸುವುದು ಕಡಿಮೆಯಾಯಿತು. ಹೇಳದೆ ಕೊಟ್ಟವರಲ್ಲಿ ಹಾಗಾಗಲಿಲ್ಲ. ಎಲ್‌ಎಸ್‌ಎಸ್, ಯುಎಸ್‌ಎಸ್ ಎಂಬ ವಿದ್ಯಾರ್ಥಿವೇತನ ಪರೀಕ್ಷೆಗಳು ಬೇಡ ಎನ್ನುತ್ತಿಲ್ಲ. ಬಡ ಮನೆಗೆ ಆ ಹಣವೂ ಬೇಕು, ಆ ಹೆಮ್ಮೆಯೂ ಬೇಕು. ಆದರೆ ತಾನಾಗಿಯೇ ಲೈಬ್ರರಿ ಪುಸ್ತಕ ಓದುವ ಮಗುವಿಗೆ ಓದಿದ್ದಕ್ಕೆ ಬಹುಮಾನ ಘೋಷಿಸಬೇಡಿ. ಆ ಪುಸ್ತಕದಲ್ಲಿ ಏನಿತ್ತು ಎಂದು ಕೂತು ಕೇಳಿ.

ಹೆತ್ತವರೂ ಅಧ್ಯಾಪಕರೂ ಸೇರುವ ಪಿಟಿಎ ಸಭೆಗೆ ಬೇಕಾದ ಒಂದು ಪ್ರಯೋಗ ಇದೆ. 1959ರದ್ದು, ರೋಸನ್ ಮತ್ತು ಡಿ'ಆಂಡ್ರೇಡ್ ಅವರದ್ದು. ಹುಡುಗನ ಕಣ್ಣಿಗೆ ಬಟ್ಟೆ ಕಟ್ಟುತ್ತಾರೆ. ಒಂದೇ ಕೈಯಲ್ಲಿ ಅಂಕುಡೊಂಕು ಮರದ ತುಂಡುಗಳನ್ನು ಒಂದರ ಮೇಲೊಂದು ಪೇರಿಸಬೇಕು. ಅಪ್ಪ ಅಮ್ಮ ಪಕ್ಕದಲ್ಲಿ ಇರಬಹುದು, ಮಾತಾಡಬಹುದು, ಮುಟ್ಟುವಂತಿಲ್ಲ. ಸಾಧನೆಯ ಹಂಬಲ ಹೆಚ್ಚಿದ್ದ ಹುಡುಗರ ಹೆತ್ತವರು ಮಗ ಜಾಸ್ತಿ ಪೇರಿಸುತ್ತಾನೆ ಎಂದು ನಿರೀಕ್ಷಿಸಿದರು, ಪ್ರೀತಿಯಿಂದ ಹುರಿದುಂಬಿಸಿದರು. ಹಂಬಲ ಕಡಿಮೆ ಇದ್ದವರ ಅಪ್ಪಂದಿರು ಎಡಕ್ಕೆ ಇಡು, ಬಲಕ್ಕೆ ಸರಿಸು ಎಂದು ಹೇಳಿಕೊಡುವುದೇ ಹೆಚ್ಚಾಗಿತ್ತು. ನಮ್ಮ ವಿಜ್ಞಾನ ಮೇಳಕ್ಕೆ ಬರುವ ಮಾದರಿಗಳನ್ನು ನೋಡುವಾಗ ನನಗೆ ಇದು ನೆನಪಾಗುತ್ತದೆ. ಕೆಲವನ್ನು ಅಪ್ಪನೇ ರಾತ್ರಿ ನಿದ್ದೆಗೆಟ್ಟು ಮಾಡಿರುತ್ತಾರೆ. ಮಗನ ಮೇಲಿನ ಮಮತೆಯಿಂದಲೇ ಮಾಡಿದ್ದು. ವಾಲಿದ್ದರೂ ಪರವಾಗಿಲ್ಲ, ಮಗುವೇ ಮಾಡಿದ್ದು ಬರಲಿ ಎಂದು ನಾವು ಸ್ಪಷ್ಟವಾಗಿ ಹೇಳಿದರೆ ಅವರಿಗೂ ನೆಮ್ಮದಿ.

ಇನ್ನು ನಮ್ಮ ನೆಲದ್ದೇ ಆದ ಒಂದು ಸಂಕಟ. 1956ರ ನವೆಂಬರ್ 1ರಿಂದ ನಾವು ಕೇರಳದಲ್ಲಿ ಇರುವ ಕನ್ನಡಿಗರು. "ಕನ್ನಡದಲ್ಲಿ ಕಲಿತು ಏನು ಸಿಗುತ್ತದೆ?" ಎಂಬ ಪ್ರಶ್ನೆ ನಮ್ಮ ಮಕ್ಕಳ ಕಿವಿಗೆ ಸಣ್ಣ ಪ್ರಾಯದಲ್ಲೇ ಬೀಳುತ್ತದೆ. ಅಟ್ಕಿನ್ಸನ್ ಅವರ ಲೆಕ್ಕದಲ್ಲಿ ಹಂಬಲದ ಜೊತೆಗೆ ಇನ್ನೆರಡು ಬೇಕು: ಗೆಲ್ಲಬಹುದು ಎಂಬ ನಿರೀಕ್ಷೆ, ಗೆದ್ದದ್ದಕ್ಕೆ ಬೆಲೆ. ಅವರು ಮೂರನ್ನೂ ಗುಣಿಸಿದ್ದಾರೆ. ಒಂದು ಸೊನ್ನೆಯಾದರೆ ಎಲ್ಲವೂ ಸೊನ್ನೆ. ಕನ್ನಡ ತಿಳಿಯದವರು ಕನ್ನಡ ತರಗತಿಗೆ ಪಾಠ ಮಾಡಲು ಬಂದರೆ, ಸೂಚನೆಗಳು ಮಲಯಾಳದಲ್ಲಿ ಮಾತ್ರ ಸಿಕ್ಕಿದರೆ, ಅದು ಮಗುವಿನ ಪ್ರಯತ್ನದಿಂದ ಸರಿಹೋಗುವುದಲ್ಲ. ಅದನ್ನು ಕೇಳಿ ಪಡೆಯುವುದು ದೊಡ್ಡವರಾದ ನಮ್ಮ ಹೊಣೆ. ಅದನ್ನು ಮಗುವಿನ ಸೋಮಾರಿತನ ಎಂದು ಯಾವತ್ತೂ ಹೇಳಬಾರದು.

ಬೆಲೆ ಎಲ್ಲಿದೆ ಎಂದು ತೋರಿಸಲು ನಮ್ಮಿಂದ ಆಗುತ್ತದೆ. ಈ ಜಿಲ್ಲೆಯಲ್ಲಿ ಕನ್ನಡ, ಮಲಯಾಳ ಎರಡೂ ಬಲ್ಲವರಿಗೆಂದೇ ಕೇರಳದ ಲೋಕಸೇವಾ ಆಯೋಗ, ಅಂದರೆ ಪಿಎಸ್‌ಸಿ ಕ್ಲರ್ಕ್ ಹುದ್ದೆಗಳಿಗೆ ಅರ್ಜಿ ಕರೆಯುತ್ತದೆ. ಕನ್ನಡ ಮಾಧ್ಯಮದ ಅಧ್ಯಾಪಕ ಹುದ್ದೆಗಳಿವೆ. ಹತ್ತನೆಯ ಕ್ಲಾಸಿನ ಮಕ್ಕಳಿಗೆ ಇದು ಸರಿಯಾಗಿ ಗೊತ್ತಿರುವುದಿಲ್ಲ. ನಿಮ್ಮ ಶಾಲೆಯಲ್ಲೇ ಕಲಿತು ಇಂಥ ಕೆಲಸದಲ್ಲಿ ಇರುವ ಅಕ್ಕ ಅಣ್ಣಂದಿರನ್ನು ಕರೆಸಿ. ಅವರು ಭಾಷಣ ಮಾಡುವುದು ಬೇಡ. ಯಾವ ವರ್ಷ ಅರ್ಜಿ ಹಾಕಿದೆ, ಎಷ್ಟು ಸಲ ಲಿಸ್ಟಿನಲ್ಲಿ ಹೆಸರು ಬರಲಿಲ್ಲ, ಹೇಗೆ ಓದಿದೆ ಎಂದು ಹೇಳಲಿ. ಇಲ್ಲೇ ಪಕ್ಕದ ಪೆರಡಾಲದ ನವಜೀವನ ಶಾಲೆಯಲ್ಲಿ ಅಧ್ಯಾಪಕರಾಗಿದ್ದ ಕಯ್ಯಾರ ಕಿಞ್ಞಣ್ಣ ರೈಗಳ ಬದುಕನ್ನೂ ಮಕ್ಕಳಿಗೆ ಹೇಳಿ. ಕವಿ ಎಂದು ಮಾತ್ರ ಅಲ್ಲ, ತೋಟದಲ್ಲಿ ಕೃಷಿ ಮಾಡುತ್ತಾ, ಪಾಠ ಹೇಳುತ್ತಾ, ಬರೆಯುತ್ತಾ ದುಡಿದ ಮನುಷ್ಯ ಎಂದು.

ಇನ್ನೂ ಒಂದು. ನಮ್ಮ ಮಗು ಮನೆಯಲ್ಲಿ ತುಳುವೋ ಹವ್ಯಕವೋ ಮರಾಟಿಯೋ ಮಾತಾಡುತ್ತದೆ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ. ಇದನ್ನು ಸಾಧನೆ ಎಂದು ಅದು ಎಣಿಸಿಯೇ ಇಲ್ಲ. ಕೇಳಿ ನೋಡಿ, ಮಲಯಾಳ ಹೇಗೆ ಕಲಿತೆ ಎಂದು. ಅಂಗಡಿಯಲ್ಲಿ ತಪ್ಪು ತಪ್ಪು ಮಾತಾಡಿದೆ, ಅವರು ನಕ್ಕರು, ಸರಿ ಮಾಡಿಕೊಟ್ಟರು, ಮತ್ತೆ ಮಾತಾಡಿದೆ. ಹೀಗೆಯೇ ಹೇಳುತ್ತದೆ. ಇಂಗ್ಲಿಷಿಗೂ ಲೆಕ್ಕಕ್ಕೂ ಅದೇ ದಾರಿ ಸಾಕು ಎಂದು ಮಗುವಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಎಲ್ಲಿ ಸಿಗುತ್ತದೆ?

ಈ ವಿಷಯ ಪೂರಾ ಪರದೇಶದ್ದು ಎಂದು ಯಾರಿಗಾದರೂ ಅನಿಸಬಹುದು. ನಮ್ಮ ದೇಶದವರೇ ಆದ ಮನೋವಿಜ್ಞಾನಿ ಉದಯ್ ಪಾರೀಕ್ 1968ರಲ್ಲಿ ಇದಕ್ಕೆ ಒಂದು ತಿದ್ದುಪಡಿ ಸೇರಿಸಿದರು. ಸ್ವಂತ ಸಾಧನೆಯ ಹಂಬಲ ಒಂದೇ ಸಾಲದು, ಇತರರ ಒಳಿತಿನ ಹಂಬಲವೂ ಬೇಕು, ಬೇರೆಯವರನ್ನೇ ನೆಚ್ಚಿ ಕೂರುವ ಅಭ್ಯಾಸ ಕಡಿಮೆಯಾಗಬೇಕು ಎಂದರು. ತಂಗಿಗೆ ಓದಿಸುವ ಅಕ್ಕ, ಅಮ್ಮನ ಬೀಡಿ ಕಟ್ಟುವ ಸೂಪು, ಅಂದರೆ ಮೊರ ಹಿಡಿದು ಕೂತು ಪಾಠ ಓದುವ ಹುಡುಗಿ ನಮ್ಮ ತರಗತಿಯಲ್ಲಿ ಇದ್ದಾರೆ. ಅವರ ಹಂಬಲ ಒಬ್ಬಂಟಿಯಾಗಿ ಗೆಲ್ಲುವುದಲ್ಲ. ನಾಲ್ಕು ಮಕ್ಕಳ ಗುಂಪು ಸೇರಿ ಒಂದು ಗುರಿ ಇಟ್ಟುಕೊಳ್ಳುವ ಕೆಲಸ ಅಂಥವರಲ್ಲಿ ಚೆನ್ನಾಗಿ ಫಲ ಕೊಡುತ್ತದೆ.

ಸಭೆಯಲ್ಲಿ ಒಬ್ಬ ಟೀಚರ್ ಕೇಳಿದರು: ಹೈಸ್ಕೂಲಿಗೆ ಬರುವಾಗ ಮಗು ಆಗಲೇ ರೂಪುಗೊಂಡಿರುತ್ತದೆ, ಆಮೇಲೆ ಬದಲಿಸಲು ಆಗುತ್ತದಾ?

ಆಗುತ್ತದೆ. ಮೆಕ್‌ಲೆಲ್ಯಾಂಡ್ ಅವರಿಗೂ ಇದೇ ಪ್ರಶ್ನೆ ಇತ್ತು. ಅವರು ಉತ್ತರ ಹುಡುಕಿದ್ದು ನಮ್ಮ ದೇಶದ ಆಂಧ್ರದಲ್ಲಿ. 1964ರಲ್ಲಿ ಕಾಕಿನಾಡದ ವ್ಯಾಪಾರಿಗಳನ್ನು ಹೈದರಾಬಾದಿನ ಒಂದು ಸಂಸ್ಥೆಗೆ ಕರೆಸಿ ಕೆಲವು ದಿನಗಳ ತರಬೇತಿ ಕೊಟ್ಟರು. ಕತೆ ಬರೆಸಿದರು, ಆಟ ಆಡಿಸಿದರು, ಊರಿಗೆ ಹೋಗಿ ಏನು ಮಾಡುತ್ತೀರಿ ಎಂದು ಗುರಿ ಬರೆಸಿದರು. ಅವರೆಲ್ಲ ಪ್ರಾಯಕ್ಕೆ ಬಂದ ಸಂಸಾರಸ್ಥರು. ಊರಿಗೆ ಮರಳಿದ ಮೇಲೆ ಅವರಲ್ಲಿ ಹೊಸ ವ್ಯವಹಾರ ಶುರು ಮಾಡಿದವರು, ಹೆಚ್ಚು ಹೊತ್ತು ದುಡಿದವರು ತರಬೇತಿ ಇಲ್ಲದವರಿಗಿಂತ ಜಾಸ್ತಿ. 1969ರಲ್ಲಿ ಮೆಕ್‌ಲೆಲ್ಯಾಂಡ್ ಮತ್ತು ಡೇವಿಡ್ ವಿಂಟರ್ ಇದನ್ನು ಪ್ರಕಟಿಸಿದರು. ಸಂಸಾರಸ್ಥರಿಗೆ ಆದದ್ದು ಹದಿಮೂರು ವರ್ಷದ ಮಗುವಿಗೆ ಆಗುವುದಿಲ್ಲ ಎಂದು ನಾನು ಒಪ್ಪುವುದಿಲ್ಲ.

ಇನ್ನೊಬ್ಬರು ಕೇಳಿದರು: ತರಗತಿಯಲ್ಲಿ ನಲವತ್ತು ಮಕ್ಕಳು, ಪಾಠ ಮುಗಿಸಬೇಕು, ಇಷ್ಟೆಲ್ಲ ಮಾಡಲು ಸಮಯ ಎಲ್ಲಿ?

ನಲವತ್ತು ಪುಸ್ತಕಕ್ಕೂ ದಿನಾ ಒಂದು ಸಾಲು ಬರೆಯಲು ಆಗುವುದಿಲ್ಲ, ಬೇಕಾಗಿಯೂ ಇಲ್ಲ. ದಿನಕ್ಕೆ ಐದು ಪುಸ್ತಕ ತೆಗೆದುಕೊಳ್ಳಿ. ಎಂಟು ಕೆಲಸದ ದಿನಗಳಲ್ಲಿ ಒಂದು ಸುತ್ತು ಆಗುತ್ತದೆ. ಅಂಕ ಬೇಡ. ಸರಿಯಾದದ್ದು ಒಂದು, ಮುಂದೆ ಮಾಡಬೇಕಾದದ್ದು ಒಂದು, ಎರಡೇ ಸಾಲು ಬರೆಯಿರಿ. ಉಳಿದ ಮೂವತ್ತೈದು ಮಂದಿ ಜೋಡಿಯಾಗಿ ಕೂತು ಒಬ್ಬರದ್ದನ್ನು ಒಬ್ಬರು ನೋಡಲಿ, ನೀನು ಹೇಗೆ ಮಾಡಿದೆ ಎಂದು ಕೇಳಲಿ. ಎಲ್ಲ ವಿಷಯಗಳಲ್ಲೂ ಒಟ್ಟಿಗೆ ಶುರು ಮಾಡಬೇಡಿ. ಜೂನಿನಲ್ಲಿ ಒಂದು ತರಗತಿ, ಒಂದು ವಿಷಯ ಸಾಕು. ಮೊದಲ ದಿನದ ಐದು ಪುಸ್ತಕಗಳನ್ನು ಹಿಂದಿನ ಬೆಂಚಿನಿಂದಲೇ ತೆಗೆದುಕೊಳ್ಳಿ.